ರೇಮಂಡ್ ಮರ್ಫಿಯ ನೀಲಿ ಗ್ರಾಮರ್ ಪುಸ್ತಕ: ಒಬ್ಬ ನರ್ಸ್ ಓದಿದ್ದು ಹೀಗೆ

ಈ ಪುಸ್ತಕ ತಗೊಳ್ಳಬೇಕಾ ಬೇಡವಾ ಅಂತ ನನ್ನ ಜೊತೆ ಕೆಲಸ ಮಾಡುವ ನಾಲ್ಕು ಜನ ಕೇಳಿದ್ದಾರೆ. ನಾಲ್ಕು ಜನಕ್ಕೂ ಟೀ ಕುಡಿಯುವ ಹೊತ್ತಲ್ಲಿ ಅರ್ಧರ್ಧ ಹೇಳಿದೆ. ಅಷ್ಟರಲ್ಲಿ ಯಾವುದೋ ಬೆಡ್‌ನಿಂದ ಬೆಲ್ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಪುಸ್ತಕದ ಹೆಸರು ‘ಇಂಗ್ಲಿಷ್ ಗ್ರಾಮರ್ ಇನ್ ಯೂಸ್’. ಬರೆದವರು ರೇಮಂಡ್ ಮರ್ಫಿ. ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್ ತಂದದ್ದು. ಮೊದಲ ಸಲ ಬಂದದ್ದು 1985ರಲ್ಲಿ. ನನ್ನ ಹತ್ತಿರ ಇರುವುದು 2019ರ ಐದನೇ ಆವೃತ್ತಿ. ನೀಲಿ ರಟ್ಟು. ಒಟ್ಟು 145 ಪಾಠ. ಎಡಗಡೆ ಪುಟದಲ್ಲಿ ವಿವರಣೆ, ಬಲಗಡೆ ಪುಟದಲ್ಲಿ ಅಭ್ಯಾಸ. ಬಿಚ್ಚಿಟ್ಟರೆ ಒಂದು ಪಾಠ ಪೂರ್ತಿ ಕಣ್ಣ ಮುಂದೆ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ನೈಟ್ ಡ್ಯೂಟಿಯಲ್ಲಿ ಮಧ್ಯೆ ಎದ್ದು ಹೋಗಿ ಡ್ರಿಪ್ ಬದಲಾಯಿಸಿ ಬಂದು ಕೂತಾಗ, ಎಲ್ಲಿ ಬಿಟ್ಟಿದ್ದೆ ಅಂತ ಹುಡುಕಬೇಕಿಲ್ಲ. ಎಡಗಡೆ ಓದು, ಬಲಗಡೆ ಬರೆ. ಅಷ್ಟೇ.

ನಾನು 145 ಪಾಠದ ಬಗ್ಗೆಯೂ ಹೇಳುವುದಿಲ್ಲ. ಮೊದಲಿಂದ ಕೊನೆವರೆಗೆ ಓದಬೇಕಾದ ಪುಸ್ತಕ ಇದಲ್ಲ ಅಂತ ಅವರೇ ಮುನ್ನುಡಿಯಲ್ಲಿ ಹೇಳಿದ್ದಾರೆ. ನಿಮಗೆ ಎಲ್ಲಿ ತೊಡಕೋ ಆ ಪಾಠ ಮಾಡಿ ಅಂತಾರೆ. ನನಗೆ ತೊಡಕಿದ್ದದ್ದು 7ರಿಂದ 14ರವರೆಗೆ. ಎಂಟು ಪಾಠ. ಆ ಎಂಟರಲ್ಲೂ ಇರುವುದು ಹೆಚ್ಚುಕಡಿಮೆ ಒಂದೇ ವಿಷಯ. ‘ಹ್ಯಾವ್ ಡನ್’, ‘ಹ್ಯಾಸ್ ಗಾನ್’, ‘ಹ್ಯಾವ್ ಬೀನ್’. ಸ್ಕೂಲಿನಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ಅಂತ ಬಾಯಿಪಾಠ ಮಾಡಿಸಿದ್ದರು.

ನಾನು ಹುಟ್ಟಿದ್ದು ಸಾಗರದ ಹತ್ತಿರದ ಹಳ್ಳಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಆಮೇಲೆ ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ ಮಾಡಿ ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿದೆ. ಹನ್ನೆರಡು ವರ್ಷ ಆಯ್ತು. ಕೆಲಸ ಬರುತ್ತದೆ. ಇಂಗ್ಲಿಷ್‌ನಲ್ಲಿ ಕೇಸ್ ಶೀಟ್ ಬರೆಯುತ್ತೇನೆ, ಡಾಕ್ಟರ್ ಜೊತೆ ಮಾತಾಡುತ್ತೇನೆ. ನಡೆಯುತ್ತಿತ್ತು. ಯಾಕೆ ನಡೆಯುತ್ತಿತ್ತು ಅಂದರೆ ಎದುರಿಗಿರುವವರು ಕನ್ನಡದವರು. ನಾನು ಅರ್ಧ ಹೇಳಿದರೆ ಉಳಿದರ್ಧ ಅವರೇ ತುಂಬಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಅದು ನಡೆಯಲಿಲ್ಲ. ಉತ್ತರದ ಕಡೆಯಿಂದ ಹೊಸದಾಗಿ ಬಂದಿದ್ದ ಡಾಕ್ಟರ್ ಫೋನ್ ಮಾಡಿದರು. ಅವರಿಗೆ ಕನ್ನಡ ಬರುವುದಿಲ್ಲ. ಏಳನೇ ಬೆಡ್‌ನವರ ಎಕ್ಸ್‌ರೇ ಆಗಿದೆಯಾ ಅಂತ ಕೇಳಿದರು. ನಾನು ಹೇಳಿದೆ: “ಯೆಸ್ ಡಾಕ್ಟರ್, ಹಿ ಹ್ಯಾಸ್ ಗಾನ್ ಫಾರ್ ಎಕ್ಸ್‌ರೇ.” ನನ್ನ ತಲೆಯಲ್ಲಿ ಇದ್ದದ್ದು ‘ಹೋಗಿ ಬಂದಿದ್ದಾರೆ’. ಅವರು ನೇರ ಕೆಳಗೆ ಎಕ್ಸ್‌ರೇ ರೂಮಿಗೆ ಹೋದರು, ಅಲ್ಲೇ ನೋಡೋಣ ಅಂತ. ಹತ್ತು ನಿಮಿಷ ಬಿಟ್ಟು ಮೇಲೆ ಬಂದರು. ಏಳನೇ ಬೆಡ್‌ನವರು ದಿಂಬಿಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದರು. ಡಾಕ್ಟರ್ ಬೈಯಲಿಲ್ಲ. “ಸಿಸ್ಟರ್, ಯು ಸೆಡ್ ಹಿ ಹ್ಯಾಸ್ ಗಾನ್” ಅಂದರು, ಅಷ್ಟೇ. ನಾನು “ಯೆಸ್ ಡಾಕ್ಟರ್, ಗಾನ್ ಅಂಡ್ ಕಮ್” ಅಂದೆ. ಅವರಿಗೆ ಅರ್ಥ ಆಗಲಿಲ್ಲ. ನನಗೆ ಅವರಿಗೆ ಯಾಕೆ ಅರ್ಥ ಆಗಲಿಲ್ಲ ಅಂತ ಅರ್ಥ ಆಗಲಿಲ್ಲ.

ಪೇಷಂಟ್‌ಗೆ ಏನೂ ತೊಂದರೆ ಆಗಲಿಲ್ಲ. ಆದರೆ ಆ ದಿನ ರಾತ್ರಿ ನಿದ್ದೆ ಬರಲಿಲ್ಲ. ಅವತ್ತು ಎಕ್ಸ್‌ರೇ ಆಗಿತ್ತು, ಸರಿ. ಇನ್ಸುಲಿನ್ ಆಗಿದ್ದರೆ?

ಇದಾದ ಮೇಲೆ ಒಂದು ಆನ್‌ಲೈನ್ ಕ್ಲಾಸಿಗೆ ಸೇರಿದೆ. ಹೆಸರು ಬೇಡ. ಅಲ್ಲಿ ವಿ1, ವಿ2, ವಿ3 ಚಾರ್ಟು. ಗೋ, ವೆಂಟ್, ಗಾನ್. ಈಟ್, ಏಟ್, ಈಟನ್. ‘ಹ್ಯಾಸ್ ಅಥವಾ ಹ್ಯಾವ್, ಆಮೇಲೆ ವಿ3’ ಅಂತ ಐವತ್ತು ಜನ ಒಟ್ಟಿಗೆ ಹೇಳುವುದು. ವಿ3 ನನಗೆ ಎಂಟನೇ ಕ್ಲಾಸಿನಿಂದ ಬರುತ್ತದೆ. ನನಗೆ ಬೇಕಿದ್ದದ್ದು ಅದನ್ನು ಯಾವಾಗ ಹೇಳಬೇಕು, ಯಾವಾಗ ಹೇಳಬಾರದು ಅನ್ನೋದು. ಅದನ್ನು ಕೇಳಿದರೆ “ಪ್ರಾಕ್ಟೀಸ್ ಮಾಡಿ, ತಾನಾಗೇ ಬರುತ್ತೆ” ಅಂದರು. ಎರಡು ತಿಂಗಳ ದುಡ್ಡು ಹೋಯಿತು. ದುಡ್ಡಿಗಿಂತ ಜಾಸ್ತಿ ಬೇಜಾರಾದದ್ದು, ನನ್ನ ಪ್ರಶ್ನೆಯನ್ನು ಪ್ರಶ್ನೆ ಅಂತ ಅವರು ತಗೊಳ್ಳಲೇ ಇಲ್ಲ ಅನ್ನೋದಕ್ಕೆ.

ಪುಸ್ತಕ ಸಿಕ್ಕಿದ್ದು ಬೆಂಗಳೂರಿನ ಅವೆನ್ಯೂ ರೋಡಿನಲ್ಲಿ, ಹಳೇ ಪುಸ್ತಕದ ರಾಶಿಯಲ್ಲಿ. ಇಲ್ಲಿ ಒಂದು ಎಚ್ಚರಿಕೆ. ಈ ಪುಸ್ತಕ ಎರಡು ಥರ ಬರುತ್ತದೆ. ಒಂದರಲ್ಲಿ ಹಿಂದೆ ಉತ್ತರಗಳಿರುತ್ತವೆ, ಇನ್ನೊಂದರಲ್ಲಿ ಇರುವುದಿಲ್ಲ. ಉತ್ತರ ಇಲ್ಲದ್ದು ಕ್ಲಾಸಿನಲ್ಲಿ ಟೀಚರ್ ಜೊತೆ ಓದುವವರಿಗೆ. ನಾನು ಅವಸರದಲ್ಲಿ ರಟ್ಟು ನೋಡಲಿಲ್ಲ. ಬಸ್ಸಲ್ಲಿ ಬಿಚ್ಚಿ ನೋಡಿದರೆ ಹಿಂದೆ ಉತ್ತರ ಇಲ್ಲ. ಆಮೇಲೆ ‘ವಿತ್ ಆನ್ಸರ್ಸ್’ ಅಂತ ರಟ್ಟಿನ ಮೇಲೆ ಬರೆದದ್ದನ್ನೇ ಹೊಸದಾಗಿ ತರಿಸಿದೆ. ಒಬ್ಬರೇ ಕೂತು ಓದುವವರು ಅದನ್ನೇ ತಗೊಳ್ಳಿ. ಬೆಲೆ ಒಂದೊಂದು ಕಡೆ ಒಂದೊಂದು ಥರ ಇದೆ, ಎರಡು ಮೂರು ಕಡೆ ವಿಚಾರಿಸಿ.

ಈಗ ಒಳಗಿನ ವಿಷಯ.

ಮರ್ಫಿ ಬಹಳ ಸರಳವಾಗಿ ಬರೆಯುತ್ತಾರೆ. ಉದ್ದ ವಾಕ್ಯ ಇಲ್ಲ. ಗ್ರಾಮರ್ ಪದಗಳೂ ಕಡಿಮೆ. ಒಂದು ಪುಟ್ಟ ಚಿತ್ರ, ಅದರ ಕೆಳಗೆ ದಿನನಿತ್ಯ ಆಡುವಂಥ ಮಾತು, ಆಮೇಲೆ ವಿವರಣೆ. ಪಾಠ 7ರ ತಿರುಳು ಇಷ್ಟು: ಆಗಿದ್ದು ಹಿಂದೆ, ಆದರೆ ಅದರ ಫಲ ಈಗ ಇದೆ. ಹಾಗಿದ್ದಾಗ ‘ಹ್ಯಾವ್’ ಬರುತ್ತದೆ. ಓದಿದೆ. ಅರ್ಥ ಆಯಿತು. ಬಲಗಡೆ ಅಭ್ಯಾಸ ಮಾಡಿದೆ. ಅರ್ಧ ತಪ್ಪು. ಯಾಕೆ ಅಂತ ಗೊತ್ತಾಗಲಿಲ್ಲ.

ನಮ್ಮ ಮನೆ ಎದುರಿಗೆ ರಿಟೈರ್ ಆದ ಇಂಗ್ಲಿಷ್ ಮೇಷ್ಟ್ರು ಇದ್ದಾರೆ. ಬಿ.ಪಿ. ನೋಡಲು ವಾರಕ್ಕೊಮ್ಮೆ ಅವರ ಮನೆಗೆ ಹೋಗುತ್ತೇನೆ. ಒಂದು ಸಲ ಕೇಳಿಯೇ ಬಿಟ್ಟೆ.

“ಮೇಷ್ಟ್ರೇ, ಐ ಹ್ಯಾವ್ ಎ ಪೆನ್ ಅಂದ್ರೆ ನನ್ನ ಹತ್ರ ಪೆನ್ನಿದೆ ಅಂತ. ಐ ಹ್ಯಾವ್ ಕಮ್ ಅಂದ್ರೆ ನನ್ನ ಹತ್ರ ಏನಿದೆ?”

ಅವರು ತೋಳಿಗೆ ಸುತ್ತಿದ್ದ ಪಟ್ಟಿ ಬಿಚ್ಚುವವರೆಗೆ ಸುಮ್ಮನಿದ್ದರು. ಆಮೇಲೆ ಹೇಳಿದರು: “ನೋಡಮ್ಮಾ, ಅದು ಶುರುವಾದದ್ದೇ ‘ಹತ್ರ ಇದೆ’ ಅನ್ನೋದರಿಂದ. ‘ಬರೆದ ಕಾಗದ ನನ್ನ ಹತ್ರ ಇದೆ’ ಅನ್ನೋ ಥರ ಹಳೇ ಇಂಗ್ಲಿಷಲ್ಲಿ ಹೇಳ್ತಿದ್ದರು. ಬರ್ತಾ ಬರ್ತಾ ಅದು ‘ಕಾಗದ ಬರೆದಿದ್ದೇನೆ’ ಅಂತಾಯ್ತು. ಈಗ ನಿನ್ನ ಕನ್ನಡ ನೋಡು. ಬಂದು, ಇದ್ದೇನೆ. ಸೇರಿಸು. ಬಂದಿದ್ದೇನೆ. ಅವರು ‘ಹತ್ರ ಇದೆ’ ಅಂತ ಹೇಳಿದರು, ನಾವು ‘ಇದ್ದೇನೆ’ ಅಂತ ಹೇಳಿದ್ವಿ. ನಿನಗೆ ಇದು ಹೊಸದೇನಲ್ಲ.”

ನಾನು ಹುಟ್ಟಿದಾಗಿನಿಂದ ‘ಬಂದಿದ್ದೇನೆ’ ಅನ್ನುತ್ತಿದ್ದೇನೆ. ಅದರೊಳಗೆ ‘ಬಂದು’ ಮತ್ತು ‘ಇದ್ದೇನೆ’ ಎರಡು ಕೂತಿವೆ ಅಂತ ಅವತ್ತೇ ಕಂಡದ್ದು. ಬಂದದ್ದು ಮುಗಿಯಿತು, ಇರುವುದು ಈಗ. ಮರ್ಫಿ ಒಂದು ಪುಟ ಬರೆದದ್ದು ನಮ್ಮ ಒಂದು ಪದದೊಳಗೇ ಇತ್ತು.

ಅವತ್ತಿನಿಂದ ಪೆನ್ಸಿಲ್ ಹಿಡಿದೆ. ಎಡಗಡೆ ಪುಟದ ಅಂಚಿನಲ್ಲಿ ಜಾಗ ಇದೆ. ಅಲ್ಲಿ ಪ್ರತಿ ಉದಾಹರಣೆಗೂ ಕನ್ನಡ ಬರೆದೆ. ಪುಸ್ತಕದ ಕನ್ನಡವಲ್ಲ, ನಾನು ಆಡುವ ಕನ್ನಡ. ಬರೆಯುತ್ತಾ ಹೋದ ಹಾಗೆ ಗೊತ್ತಾಯಿತು, ಕೆಲವು ಕಡೆ ಕನ್ನಡ ನನ್ನ ಕೈ ಹಿಡಿದು ದಾಟಿಸುತ್ತದೆ. ಕೆಲವು ಕಡೆ ಕನ್ನಡವೇ ನನ್ನನ್ನು ಬೀಳಿಸುತ್ತದೆ. ಪುಸ್ತಕ ಇದನ್ನು ಹೇಳುವುದಿಲ್ಲ. ಹೇಳಲು ಸಾಧ್ಯವೂ ಇಲ್ಲ. ಅದು ಎಲ್ಲಾ ದೇಶದವರಿಗೂ ಬರೆದ ಪುಸ್ತಕ.

ಕೈ ಹಿಡಿಯುವ ಕಡೆಯಿಂದ ಶುರು ಮಾಡುತ್ತೇನೆ. ಅದೇ ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು.

ನಾಲ್ಕನೇ ಬೆಡ್‌ನಲ್ಲಿ ಒಬ್ಬರು ಅಜ್ಜಿ ಇದ್ದರು. ತೀರ್ಥಹಳ್ಳಿ ಕಡೆಯವರು. ಮಾತ್ರೆ ಕೊಟ್ಟರೆ ಅದನ್ನು ಸಣ್ಣ ಸ್ಟೀಲ್ ಬಟ್ಟಲಿಗೆ ಹಾಕಿ, ಮೇಲೆ ಮುಚ್ಚಳ ಮುಚ್ಚಿ, “ಊಟ ಆದ್ಮೇಲೆ ತಗೋತೀನಿ ಮಗಾ” ಅನ್ನುವರು. ನಾವು ಮುಂದೆ ನಿಂತು ನುಂಗಿಸಬೇಕು, ಅದು ನಿಯಮ. ಆದರೆ ಅಜ್ಜಿ ಜಗ್ಗುವುದಿಲ್ಲ. ಊಟ ಬರುವುದು ತಡ. ಅಷ್ಟರಲ್ಲಿ ಶಿಫ್ಟ್ ಬದಲಾಗುತ್ತದೆ. ಈಗ ನಾನು ಹ್ಯಾಂಡ್‌ಓವರ್‌ನಲ್ಲಿ ರಾತ್ರಿ ಸಿಸ್ಟರ್‌ಗೆ ಹೇಳಬೇಕು. ಕನ್ನಡದಲ್ಲಿ ಎರಡು ಮಾತಿದೆ.

ಅಜ್ಜಿ ಮಾತ್ರೆ ತಗೊಳ್ಳಲಿಲ್ಲ.

ಅಜ್ಜಿ ಮಾತ್ರೆ ತಗೊಂಡಿಲ್ಲ.

ಕನ್ನಡ ಗೊತ್ತಿರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲನೆಯದು ಮುಗಿದ ಕತೆ. ಕೊಟ್ಟೆವು, ಬೇಡ ಅಂದರು, ಆಯಿತು. ಎರಡನೆಯದರಲ್ಲಿ ಮಾತ್ರೆ ಇನ್ನೂ ಬಟ್ಟಲಲ್ಲೇ ಇದೆ. ನೀನು ಹೋಗಿ ನುಂಗಿಸು ಅಂತ. ಮೊದಲನೆಯದು ಇಂಗ್ಲಿಷ್‌ನಲ್ಲಿ “ಶೀ ಡಿಡಂಟ್ ಟೇಕ್ ಇಟ್.” ಎರಡನೆಯದು “ಶೀ ಹ್ಯಾಸಂಟ್ ಟೇಕನ್ ಇಟ್ ಯೆಟ್.” ನಾನು ಹನ್ನೆರಡು ವರ್ಷ ಎರಡಕ್ಕೂ ‘ಡಿಡ್ ನಾಟ್’ ಅಂತಲೇ ಹೇಳಿದ್ದೆ. ಬಾಯಲ್ಲಿ ಎರಡು ಕನ್ನಡ ಇದ್ದೂ ಇಂಗ್ಲಿಷಿಗೆ ಬಂದಾಗ ಒಂದೇ ಮಾಡುತ್ತಿದ್ದೆ.

ಡಾಕ್ಟರ್ ಬರಲಿಲ್ಲ, ಡಾಕ್ಟರ್ ಬಂದಿಲ್ಲ. ರಿಪೋರ್ಟ್ ಕೊಡಲಿಲ್ಲ, ರಿಪೋರ್ಟ್ ಕೊಟ್ಟಿಲ್ಲ. ನೀವೇ ಒಂದೆರಡು ಹೇಳಿ ನೋಡಿ. ‘ಲಿಲ್ಲ’ ಬಂದರೆ ‘ಡಿಡಂಟ್’. ‘ದಿಲ್ಲ, ಡಿಲ್ಲ, ಟ್ಟಿಲ್ಲ’ ಬಂದರೆ ‘ಹ್ಯಾವಂಟ್’ ಅಥವಾ ‘ಹ್ಯಾಸಂಟ್’. ಆಡುಮಾತಲ್ಲಿ ಕೆಲವರು ‘ಇನ್ನೂ ಬರ್ಲಿಲ್ಲ’ ಅಂತಲೂ ಅನ್ನುತ್ತಾರೆ, ನಮ್ಮ ಅತ್ತೆಯೂ ಹಾಗೇ. ಅಂಥಲ್ಲಿ ‘ಇನ್ನೂ’ ಅನ್ನುವುದನ್ನೇ ಹಿಡಿದುಕೊಳ್ಳಿ. ‘ಇನ್ನೂ’ ಇದ್ದರೆ ಇಂಗ್ಲಿಷ್‌ನಲ್ಲಿ ‘ಯೆಟ್’, ‘ಯೆಟ್’ ಇದ್ದರೆ ‘ಹ್ಯಾವ್’. ಅಮೆರಿಕದವರು ‘ಡಿಡ್ ಯು ಈಟ್ ಯೆಟ್’ ಅಂತಾರೆ. ಮರ್ಫಿ ಕಲಿಸುವುದು ಬ್ರಿಟನ್ನಿನ ಇಂಗ್ಲಿಷ್. ಅಮೆರಿಕದ ರೂಢಿಗೆ ಪುಸ್ತಕದ ಕೊನೆಯಲ್ಲಿ ಬೇರೆ ಒಂದು ಪಟ್ಟಿ ಇದೆ. ನನಗೆ ಬೇಕಿದ್ದದ್ದು ಬ್ರಿಟನ್ನಿನದೇ, ಆದ್ದರಿಂದ ಅನುಕೂಲವಾಯಿತು.

ಇನ್ನು ಬೀಳಿಸುವ ಕಡೆ.

ಕನ್ನಡದಲ್ಲಿ “ನಿನ್ನೆ ರಾತ್ರಿನೇ ಇಂಜೆಕ್ಷನ್ ಕೊಟ್ಟಿದ್ದೀನಿ” ಅಂತೀವಿ. ಸರಿಯಾದ ಕನ್ನಡ. ಅದನ್ನೇ “ಐ ಹ್ಯಾವ್ ಗಿವನ್ ಲಾಸ್ಟ್ ನೈಟ್” ಅಂದರೆ ಅವರ ಕಿವಿಗೆ ಕಲ್ಲು ಸಿಕ್ಕ ಅನ್ನದ ಹಾಗೆ. ಮುಗಿದ ಹೊತ್ತಿನ ಹೆಸರು ಹೇಳಿದ ತಕ್ಷಣ ‘ಹ್ಯಾವ್’ ಎದ್ದು ಹೋಗಬೇಕು. ನಿನ್ನೆ, ಹೋದ ವಾರ, ಎಂಟು ಗಂಟೆಗೆ, 2015ರಲ್ಲಿ, ಯಾವುದಾದರೂ ಸರಿ. “ಐ ಗೇವ್ ಇಟ್ ಲಾಸ್ಟ್ ನೈಟ್.” ಇದಕ್ಕೆ ಪಾಠ 13 ಮತ್ತು 14 ನೋಡಿ. ಈ ಎರಡನ್ನು ನಾನು ಮೂರು ಸಲ ಅಳಿಸಿ ಅಳಿಸಿ ಮಾಡಿದೆ. ಬಲಗಡೆ ಪುಟ ರಬ್ಬರ್ ಉಜ್ಜಿ ತೆಳ್ಳಗಾಗಿದೆ.

ಅದರಲ್ಲೊಂದು ಸೂಕ್ಷ್ಮ ನನಗೆ ತುಂಬಾ ಹಿಡಿಸಿತು. ಬೆಳಗ್ಗೆ ಹನ್ನೊಂದು ಗಂಟೆಗೆ ಪೇಷಂಟನ್ನು ಕೇಳುವಾಗ “ಹ್ಯಾವ್ ಯು ಟೇಕನ್ ಯುವರ್ ಟ್ಯಾಬ್ಲೆಟ್ಸ್ ದಿಸ್ ಮಾರ್ನಿಂಗ್?” ಅದೇ ಪ್ರಶ್ನೆ ರಾತ್ರಿ ಎಂಟಕ್ಕೆ ಕೇಳಿದರೆ “ಡಿಡ್ ಯು ಟೇಕ್ ಯುವರ್ ಟ್ಯಾಬ್ಲೆಟ್ಸ್ ದಿಸ್ ಮಾರ್ನಿಂಗ್?” ಬೆಳಗ್ಗೆ ಅದೇ, ಮಾತ್ರೆ ಅದೇ. ಆದರೆ ಹನ್ನೊಂದಕ್ಕೆ ಬೆಳಗ್ಗೆ ಇನ್ನೂ ನಡೆಯುತ್ತಿದೆ, ರಾತ್ರಿ ಎಂಟಕ್ಕೆ ಅದು ಮುಗಿದಿದೆ. ಗಡಿಯಾರ ನೋಡಿ ಮಾತು ಬದಲಾಗುತ್ತದೆ. ಇದನ್ನು ಓದಿದ ಮೇಲೆ ವಾರ್ಡಿನ ಗೋಡೆ ಗಡಿಯಾರ ನೋಡಿದಾಗಲೆಲ್ಲ ಮನಸ್ಸಲ್ಲೇ ಒಂದು ವಾಕ್ಯ ಮಾಡಿಕೊಳ್ಳುತ್ತೇನೆ.

ಆಮೇಲೆ ನಮ್ಮ ‘ಇಂದ’. ನನ್ನ ಪ್ರಕಾರ ಕನ್ನಡದವರು ಅತಿ ಹೆಚ್ಚು ಎಡವುವುದು ಇಲ್ಲೇ. ಮೂರು ದಿನದಿಂದ ಜ್ವರ ಇದೆ. ಬೆಳಗ್ಗೆಯಿಂದ ಜ್ವರ ಇದೆ. ನಮಗೆ ಎರಡೂ ‘ಇಂದ’, ಎರಡೂ ‘ಇದೆ’. ಅದನ್ನೇ ಇಳಿಸಿದರೆ “ಹಿ ಈಸ್ ಹ್ಯಾವಿಂಗ್ ಫೀವರ್ ಸಿನ್ಸ್ ತ್ರೀ ಡೇಸ್.” ನಮ್ಮ ಆಸ್ಪತ್ರೆಗಳಲ್ಲಿ ಈ ವಾಕ್ಯವನ್ನು ದಿನಕ್ಕೆ ನೂರು ಸಲ ಕೇಳಬಹುದು. ಇಂಗ್ಲಿಷ್‌ನಲ್ಲಿ ಇದು “ಹಿ ಹ್ಯಾಸ್ ಹ್ಯಾಡ್ ಎ ಫೀವರ್ ಫಾರ್ ತ್ರೀ ಡೇಸ್”, “ಹಿ ಹ್ಯಾಸ್ ಹ್ಯಾಡ್ ಎ ಫೀವರ್ ಸಿನ್ಸ್ ದಿಸ್ ಮಾರ್ನಿಂಗ್”. ಅಂದರೆ ನಮ್ಮ ‘ಇದೆ’ ಅಲ್ಲಿ ‘ಹ್ಯಾಸ್ ಹ್ಯಾಡ್’ ಆಗಬೇಕು. ನಮ್ಮ ಒಂದು ‘ಇಂದ’ ಅಲ್ಲಿ ಎರಡಾಗಿ ಒಡೆಯಬೇಕು.

ಕೇಸ್ ಶೀಟಿನಲ್ಲಿ ನಾವು ಏನು ಬರೆಯುತ್ತೇವೆ ಗೊತ್ತಾ? ಫೀವರ್, ಪಕ್ಕದಲ್ಲಿ ಒಂದು ಇಂಟು ಗುರುತು, ಆಮೇಲೆ 3 ಡೇಸ್. ಅಷ್ಟೇ. ಫಾರ್ ಬೇಡ, ಸಿನ್ಸ್ ಬೇಡ, ಹ್ಯಾಸ್ ಬೇಡ. ಹನ್ನೆರಡು ವರ್ಷ ಆ ಇಂಟು ಗುರುತು ನನ್ನ ಬದಲು ಇಂಗ್ಲಿಷ್ ಮಾತಾಡಿದೆ. ಕಾಗದದಲ್ಲಿ ಅದು ಸಾಕು. ಬಾಯಲ್ಲಿ ಇಂಟು ಗುರುತು ಹೇಳಲು ಆಗುವುದಿಲ್ಲ, ಅಲ್ವಾ?

ಪಾಠ 11 ಮತ್ತು 12 ಇದಕ್ಕೇ ಇರುವುದು. ಚೆನ್ನಾಗಿವೆ, ಆದರೆ ನನಗೆ ನಿಜವಾಗಿ ಹಿಡಿತಕ್ಕೆ ಬಂದದ್ದು ಅಂಚಿನಲ್ಲಿ ಎರಡು ಕನ್ನಡ ಪ್ರಶ್ನೆ ಬರೆದುಕೊಂಡ ಮೇಲೆ. ‘ಎಷ್ಟು ದಿನದಿಂದ?’ ಅಂತ ಕೇಳಿದರೆ ಬರುವ ಉತ್ತರಕ್ಕೆ ಫಾರ್. ‘ಯಾವಾಗಿನಿಂದ?’ ಅಂತ ಕೇಳಿದರೆ ಬರುವ ಉತ್ತರಕ್ಕೆ ಸಿನ್ಸ್. ಮೂರು ದಿನ, ಎರಡು ವಾರ, ಹತ್ತು ವರ್ಷ, ತುಂಬಾ ಹೊತ್ತು, ಇವೆಲ್ಲ ಎಷ್ಟು. ಸೋಮವಾರ, ಬೆಳಗ್ಗೆ, ದೀಪಾವಳಿ, ಮದುವೆ ಆದಾಗ, ಇವೆಲ್ಲ ಯಾವಾಗ. ಅಳತೆಗೆ ಫಾರ್, ಶುರುವಿಗೆ ಸಿನ್ಸ್. ನನ್ನ ಮಗಳಿಗೂ ಹೀಗೇ ಹೇಳಿಕೊಟ್ಟೆ. ಅವಳು ಎಂಟನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಅವಳೂ ಅಲ್ಲಿವರೆಗೆ ‘ಸಿನ್ಸ್ ಟೂ ಅವರ್ಸ್’ ಅಂತಲೇ ಬರೆಯುತ್ತಿದ್ದಳು. ಒಂದು ವಾರ ಅಡುಗೆ ಮನೆಯಲ್ಲಿ ಇದೇ ಆಟ. ನಾನು ಕುಕ್ಕರ್ ಇಟ್ಟು “ಎಷ್ಟು ಹೊತ್ತಿಂದ?” ಅನ್ನುವುದು, ಅವಳು “ಫಾರ್ ಟೆನ್ ಮಿನಿಟ್ಸ್” ಅನ್ನುವುದು. “ಕರೆಂಟ್ ಯಾವಾಗಿನಿಂದ ಇಲ್ಲ?” “ಸಿನ್ಸ್ ಸಿಕ್ಸ್.”

ಇದು ನಮ್ಮದೊಂದೇ ಕಷ್ಟವೂ ಅಲ್ಲ. ನನ್ನ ಬ್ಯಾಚಿನ ಗೆಳತಿ ಜರ್ಮನಿಯಲ್ಲಿ ನರ್ಸ್. ಅಲ್ಲಿಯವರೂ ಇಂಗ್ಲಿಷ್ ಮಾತಾಡುವಾಗ “ಐ ಆಮ್ ಹಿಯರ್ ಸಿನ್ಸ್ ತ್ರೀ ಇಯರ್ಸ್” ಅಂತಾರಂತೆ. ಅವರ ಭಾಷೆಯಲ್ಲೂ ನಮ್ಮ ‘ಇಂದ’ದ ಥರ ಅಳತೆಗೂ ಶುರುವಿಗೂ ಒಂದೇ ಪದ, ಮತ್ತೆ ನಮ್ಮ ಥರವೇ ‘ಇದ್ದೇನೆ’ ಅಂತಲೇ ಹೇಳುವುದು. ಅದನ್ನು ಕೇಳಿದಾಗ ಮನಸ್ಸಿಗೆ ಎಷ್ಟು ಹಗುರ ಆಯಿತು ಅಂದರೆ! ನಾನು ದಡ್ಡಿ ಆದದ್ದಕ್ಕೆ ತಪ್ಪಾಗುತ್ತಿರಲಿಲ್ಲ. ನನ್ನ ಭಾಷೆಗೆ ಅದರದೇ ದಾರಿ ಇದೆ, ಅದಕ್ಕೆ.

ಮೂರನೆಯದು ‘ಹೋಗಿದ್ದೆ’. ಇದು ಪಾಠ 15ಕ್ಕೆ ಸೇರಿದ್ದು, ಆದರೆ ಇಲ್ಲೇ ಹೇಳುವುದು ಸರಿ. ಸೋಮವಾರ ಡ್ಯೂಟಿಗೆ ಬಂದಾಗ ಯಾರಾದರೂ ನಿನ್ನೆ ಏನು ಮಾಡಿದೆ ಅಂತ ಕೇಳಿದರೆ ನಾವು “ಸಿಗಂದೂರಿಗೆ ಹೋಗಿದ್ದೆ” ಅಂತೀವಿ. ಹೋದೆ ಅನ್ನುವುದಿಲ್ಲ. ಹೋಗಿ, ಅಲ್ಲಿದ್ದು, ಈಗ ವಾಪಸ್ ಬಂದಿದ್ದೇನೆ ಅನ್ನೋದೆಲ್ಲ ಆ ‘ಇದ್ದೆ’ಯಲ್ಲಿದೆ. ಅದನ್ನು ಹಾಗೇ ಎತ್ತಿ ಇಟ್ಟರೆ “ಐ ಹ್ಯಾಡ್ ಗಾನ್ ಟು ಸಿಗಂದೂರು.” ನಾನು ಜೀವಮಾನ ಪೂರ್ತಿ ಹೀಗೆ ಹೇಳಿದವಳು. ಇಂಗ್ಲಿಷ್ ಕಿವಿಗೆ ‘ಹ್ಯಾಡ್ ಗಾನ್’ ಅಂದರೆ ಇನ್ನೊಂದು ಘಟನೆ ಬರಬೇಕು. ನಾನು ಹೋಗಿಬಿಟ್ಟಿದ್ದೆ, ಆಮೇಲೆ ನೀನು ಬಂದೆ, ಹಾಗೆ. ಅವರು ಆ ಇನ್ನೊಂದಕ್ಕೆ ಕಾಯುತ್ತಾ ಕೂರುತ್ತಾರೆ, ನಾವು ಅಲ್ಲಿಗೆ ಮಾತು ಮುಗಿಸಿರುತ್ತೇವೆ. ಸುಮ್ನೆ “ಐ ವೆಂಟ್ ಟು ಸಿಗಂದೂರು” ಸಾಕು.

ಏಳನೇ ಬೆಡ್‌ನ ಎಕ್ಸ್‌ರೇ ಈಗ ಬಿಡಿಸಬಹುದು. ‘ಎಕ್ಸ್‌ರೇಗೆ ಹೋಗಿದ್ದಾರೆ’ ಅಂದರೆ ಬೆಡ್ ಖಾಲಿ ಇದೆ, ಹ್ಯಾಸ್ ಗಾನ್. ‘ಹೋಗಿ ಬಂದಿದ್ದಾರೆ’ ಅಂದರೆ ಬೆಡ್‌ನಲ್ಲಿದ್ದಾರೆ, ಹ್ಯಾಸ್ ಬೀನ್. ಆ ‘ಬೀನ್’ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗೋ, ವೆಂಟ್, ಗಾನ್ ಅಂತ ಬಾಯಿಪಾಠ ಮಾಡಿದ್ದೆ. ಗಾನ್ ಪಕ್ಕದಲ್ಲಿ ಬೀನ್ ಅಂತ ಇನ್ನೊಂದು ಇದೆ, ಹೋಗಿ ಬಂದವರಿಗೆ ಅದು, ಅಂತ ಪುಸ್ತಕದಲ್ಲಿ ನೋಡಿದಾಗ ಮಧ್ಯರಾತ್ರಿ ಆಗಿತ್ತು. ನರ್ಸಿಂಗ್ ಸ್ಟೇಷನ್ನಿನ ದೀಪದ ಕೆಳಗೆ ಅದನ್ನು ಮತ್ತೆ ಮತ್ತೆ ಓದಿದೆ.

ಪುಸ್ತಕದ ಕೊರತೆಗಳನ್ನೂ ಹೇಳಬೇಕು. ಇದು ಪೂರ್ತಿ ಇಂಗ್ಲಿಷ್‌ನಲ್ಲೇ ಇದೆ. ಸರಳ ಇಂಗ್ಲಿಷ್, ಆದರೂ ಇಂಗ್ಲಿಷ್. ವಾಕ್ಯ ಓದಿ ಅರ್ಥ ಮಾಡಿಕೊಳ್ಳುವಷ್ಟು ಬಾರದವರಿಗೆ ಇದು ಈಗಲೇ ಬೇಡ. ಅದೇ ಲೇಖಕರ ಕೆಂಪು ಪುಸ್ತಕ ಇದೆ, ‘ಎಸೆನ್ಷಿಯಲ್ ಗ್ರಾಮರ್ ಇನ್ ಯೂಸ್’. ಅದು ಶುರು ಮಾಡುವವರಿಗೆ. ನನ್ನ ಜೊತೆಯ ಇಬ್ಬರಿಗೆ ಅದನ್ನೇ ಹೇಳಿದೆ.

ಇನ್ನೊಂದು, ಅಭ್ಯಾಸ ಎಲ್ಲ ಬರೆಯುವಂಥವು. ಬಿಟ್ಟ ಸ್ಥಳ ತುಂಬಿ, ವಾಕ್ಯ ಪೂರ್ತಿ ಮಾಡಿ. ಬರೆದು ಸರಿ ಬಂತು ಅಂತ ಬಾಯಲ್ಲಿ ಬರುವುದಿಲ್ಲ. ನಾನು ಬರೆದದ್ದನ್ನೆಲ್ಲ ಸ್ಕೂಟರ್ ಮೇಲೆ ಹೋಗುತ್ತಾ ಗಟ್ಟಿಯಾಗಿ ಹೇಳುತ್ತಿದ್ದೆ. ಹೆಲ್ಮೆಟ್ ಒಳಗೆ ಯಾರಿಗೂ ಕೇಳುವುದಿಲ್ಲ. ಅದನ್ನು ಮಾಡದಿದ್ದರೆ ಪುಸ್ತಕ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಉದಾಹರಣೆಗಳು ಅಲ್ಲಿಯ ಜೀವನದವು. ಅವನ್ನು ನಮ್ಮ ವಾರ್ಡಿಗೆ, ನಮ್ಮ ಮನೆಗೆ ನಾವೇ ತಂದುಕೊಳ್ಳಬೇಕು. ಕರೆಂಟ್ ಹೋಗಿದೆ, ಹಾಲು ಉಕ್ಕಿದೆ, ಗ್ಯಾಸ್ ಬುಕ್ ಮಾಡಿಲ್ಲ, ಮಳೆ ನಿಂತಿದೆ. ನಾವು ದಿನಾ ಆಡುವ ಇಂಥ ಮಾತುಗಳಲ್ಲಿ ‘ಹ್ಯಾವ್’ ತುಂಬಿಕೊಂಡಿದೆ. ಹುಡುಕಲು ಶುರು ಮಾಡಿದರೆ ಬೆಳಗ್ಗೆ ಎದ್ದು ತಿಂಡಿ ಆಗುವಷ್ಟರಲ್ಲಿ ಇಪ್ಪತ್ತು ಸಿಗುತ್ತವೆ.

ಇದೆಲ್ಲ ನನಗೆ ಯಾಕೆ ಬೇಕಿತ್ತು ಅನ್ನೋದನ್ನೂ ಹೇಳಿಬಿಡುತ್ತೇನೆ. ನಾನು ಓಇಟಿ ಪರೀಕ್ಷೆಗೆ ಓದುತ್ತಿದ್ದೆ. ಬೇರೆ ದೇಶಕ್ಕೆ ಹೋಗುವ ನರ್ಸ್, ಡಾಕ್ಟರ್‌ಗಳ ಇಂಗ್ಲಿಷ್ ಪರೀಕ್ಷೆ ಅದು. ಅದರಲ್ಲಿ 45 ನಿಮಿಷದ ಬರವಣಿಗೆ ಇರುತ್ತದೆ. ಮೊದಲ ಐದು ನಿಮಿಷ ಪೇಷಂಟಿನ ಟಿಪ್ಪಣಿ ಓದಬೇಕು, ಉಳಿದ ನಲವತ್ತರಲ್ಲಿ ಒಂದು ಪತ್ರ ಬರೆಯಬೇಕು, ಸುಮಾರು 180ರಿಂದ 200 ಪದ. ಟಿಪ್ಪಣಿಯಲ್ಲಿ ತಾರೀಕುಗಳ ಸಾಲು. ಎಂದು ಅಡ್ಮಿಟ್ ಆದರು, ಏನು ಕೊಟ್ಟರು, ಎಷ್ಟು ವರ್ಷದಿಂದ ಶುಗರ್, ಈಗ ಹೇಗಿದ್ದಾರೆ.

ಆ ಪತ್ರದಲ್ಲಿ ನಾನು ಬಿದ್ದ ಗುಂಡಿಗಳೆಲ್ಲ ಒಟ್ಟಿಗೆ ಇರುತ್ತವೆ. ಹತ್ತು ವರ್ಷದಿಂದ ಶುಗರ್ ಇದೆ: ಹ್ಯಾಸ್ ಹ್ಯಾಡ್ ಡಯಾಬಿಟಿಸ್ ಫಾರ್ ಟೆನ್ ಇಯರ್ಸ್. ಜೂನ್ 12ರಂದು ಅಡ್ಮಿಟ್ ಆದರು: ವಾಸ್ ಅಡ್ಮಿಟೆಡ್, ಇಲ್ಲಿ ಹ್ಯಾಸ್ ಬರಕೂಡದು. ಅಲ್ಲಿಂದ ಈಚೆಗೆ ಗಾಯ ಮಾಗುತ್ತಾ ಬಂದಿದೆ: ಹ್ಯಾಸ್ ಬೀನ್ ಹೀಲಿಂಗ್ ಸಿನ್ಸ್ ದೆನ್. ನಡೆಯಲು ಇನ್ನೂ ಶುರು ಮಾಡಿಲ್ಲ: ಹ್ಯಾಸಂಟ್ ಅನ್ನಬಾರದು, ಪತ್ರ ಆದ್ದರಿಂದ ಬಿಡಿಸಿ ಹ್ಯಾಸ್ ನಾಟ್ ಸ್ಟಾರ್ಟೆಡ್. ಅಭ್ಯಾಸಕ್ಕೆ ಅಂತ ಮೊದಲು ಬರೆದ ಪತ್ರವನ್ನು ಮೇಷ್ಟ್ರಿಗೆ ತೋರಿಸಿದಾಗ ಹದಿನಾಲ್ಕು ಕಡೆ ಕೆಂಪು ಗೆರೆ ಇತ್ತು. ಎಂಟು ಪಾಠ ಮುಗಿಸಿ ಬರೆದದ್ದರಲ್ಲಿ ಎರಡು. ಅವರು ಎರಡನೆಯ ಕಾಗದವನ್ನು ಕನ್ನಡಕ ತೆಗೆದು ಮತ್ತೊಮ್ಮೆ ನೋಡಿ, “ಒಳ್ಳೇದಮ್ಮಾ” ಅಂದರು. ಕಾಗದ ಎರಡನ್ನೂ ಪುಸ್ತಕದೊಳಗೇ ಇಟ್ಟಿದ್ದೇನೆ.

ಹಾಗಾಗಿ ನನ್ನ ಅಭಿಪ್ರಾಯ: ತಗೊಳ್ಳಿ. ಉತ್ತರ ಇರುವುದನ್ನೇ ತಗೊಳ್ಳಿ. ಜೊತೆಗೆ ಒಂದು ಎಚ್‌ಬಿ ಪೆನ್ಸಿಲ್ಲು, ಒಳ್ಳೆ ರಬ್ಬರು. ಪೆನ್ನಲ್ಲಿ ಬರೆಯಬೇಡಿ, ಎರಡನೇ ಸಲ ಮಾಡಲು ಆಗುವುದಿಲ್ಲ. ಮೂರನೇ ಪಾಠಕ್ಕೆ ಬೇಜಾರಾದರೆ ನೇರ ಏಳಕ್ಕೆ ಹೋಗಿ. ಅಂಚಿನಲ್ಲಿ ನಿಮ್ಮ ಕನ್ನಡ ಬರೆಯಿರಿ. ನೀವು ಹುಬ್ಬಳ್ಳಿ ಕಡೆಯವರಾದರೆ ‘ಮಾಡೀನಿ, ಬಂದೀನಿ’ ಅಂತಲೇ ಬರೆಯಿರಿ, ಅದರೊಳಗೂ ಅದೇ ‘ಇದ್ದೇನೆ’ ಕೂತಿದೆ.

ನಾನು ಹೋದ ವಾರ ಪರೀಕ್ಷೆ ಬರೆದೆ. ರಿಸಲ್ಟ್ ಇನ್ನೂ ಬಂದಿಲ್ಲ.